ಕಾಯ್ದೆಯಲ್ಲಿ ಇಲ್ಲದ ಅಣ್ಣ

ಈ ವರ್ಷ ಖಜಾನೆ ಕಚೇರಿಗೆ ಹೊಸದಾಗಿ ಸೇರಿದವರಲ್ಲಿ ನನ್ನ ತಂಗಿಯ ಮಗಳೂ ಒಬ್ಬಳು. ಆದೇಶ ಕೈಗೆ ಬಂದ ದಿನ ಕೊಲ್ಹಾಪುರದ ನಮ್ಮ ಮನೆಗೆ ಪೇಢೆ ತಂದುಕೊಟ್ಟು ಕೇಳಿದಳು, "ದೊಡ್ಡವ್ವಾ, ಪೆನ್ಶನ್ ಟೇಬಲ್‌ಗೆ ಹಾಕ್ಯಾರ. ಅಲ್ಲಿ ಖರೇ ಖರೇ ಏನ ಕೆಲಸ ಇರತೈತಿ?"

"ಮಾತಾಡೂದು," ಅಂದೆ.

ಅವಳು ನಕ್ಕಳು. ನಿಯಮಾವಳಿ, ಲೆಕ್ಕಶಾಸ್ತ್ರ ಎಲ್ಲ ಓದಿ ಪರೀಕ್ಷೆ ಪಾಸಾದವಳಿಗೆ ನಗು ಬರುವುದು ಸಹಜ. ನಿಯಮ ಓದಿದರೆ ಬರುತ್ತದೆ, ಲೆಕ್ಕವನ್ನು ಈಗ ಕಂಪ್ಯೂಟರ್ ಮಾಡುತ್ತದೆ. ಎದುರಿಗೆ ಕುಳಿತವರಿಗೆ ಅವರ ಬದುಕಿನ ಲೆಕ್ಕವನ್ನು ಅವರಿಗೆ ತಿಳಿಯುವ ಹಾಗೆ ಹೇಳುವುದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ನನಗೆ ಅದನ್ನು ಕಲಿಸಿದವರು ಒಬ್ಬ ಮೇಲಧಿಕಾರಿ. ಅವರಿಗೆ ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ.

ನಾನು ಕಾಗಲ ತಾಲೂಕಿನ ಸುಳಕೂಡದವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮದುವೆಯಾದದ್ದು ಗಡಹಿಂಗ್ಲಜಕ್ಕೆ, ನೌಕರಿ ಸಿಕ್ಕಿದ್ದೂ ಅಲ್ಲಿನ ಉಪಖಜಾನೆಯಲ್ಲಿ. ಆಗ ಕಚೇರಿಯಲ್ಲಿ ಕನ್ನಡ ಮಾತಾಡುವುದೆಂದರೆ ಡಬ್ಬಿಯ ರೊಟ್ಟಿಯನ್ನು ಮೇಜಿನ ಕೆಳಗೆ ಇಟ್ಟುಕೊಂಡು ತಿಂದಂತೆ. ಯಾರೂ ಬೇಡ ಅನ್ನುತ್ತಿರಲಿಲ್ಲ, ಆದರೂ ಸಂಕೋಚ. ಅರ್ಜಿ ಹಿಡಿದುಕೊಂಡು ಬಂದ ಮುದುಕರು ಅರ್ಧಂಬರ್ಧ ಮರಾಠಿಯಲ್ಲಿ ಕೇಳುತ್ತಿದ್ದರು, ನಾವು ಪೂರ್ತಿ ಸರ್ಕಾರಿ ಮರಾಠಿಯಲ್ಲಿ ಉತ್ತರಿಸುತ್ತಿದ್ದೆವು. ಅವರು "ಹೌದ್ರಿ" ಎಂದು ಹೋಗುತ್ತಿದ್ದರು. ಆ ಹೌದ್ರಿಗೆ ಅರ್ಥವಾಯಿತೆಂಬ ಅರ್ಥವಿರಲಿಲ್ಲ.

ಒಂದು ದಿನ ಅರಣ್ಯ ಇಲಾಖೆಯಿಂದ ನಿವೃತ್ತರಾದ ಒಬ್ಬ ಕಾವಲುಗಾರರ ಹೆಂಡತಿ ಸಿಟ್ಟಿನಿಂದ ಒಳಗೆ ಬಂದರು. ಹಿಂದಿನ ದಿನ ಅವರ ಯಜಮಾನರಿಗೆ ನಮ್ಮ ಗುಮಾಸ್ತರೊಬ್ಬರು 'ಅಂಶರಾಶೀಕರಣ'ದ ಬಗ್ಗೆ ಹೇಳಿ ಸಹಿ ಪಡೆದಿದ್ದರು. ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಗಂಟಾಗಿ ಪಡೆಯುವ ಸೌಲಭ್ಯವದು. ಆ ಶಬ್ದ ಯಾರ ನಾಲಿಗೆಗೂ ಹತ್ತದ್ದರಿಂದ ಜನ ಅದನ್ನು 'ಪೆನ್ಶನ್ ಮಾರುವುದು' ಅನ್ನುತ್ತಾರೆ. ಆಕೆ ನೇರ ನನ್ನ ಮೇಜಿಗೆ ಬಂದರು.

"ನಮ್ಮ ಯಜಮಾನ್ರು ಪೆನ್ಶನ್ ಮಾರ್ಯಾರಂತ. ತಗೊಂಡಾವ ಯಾರ್ರಿ? ಅವನ ಮನಿ ಎಲ್ಲೈತಿ?"

ಕಚೇರಿಯೆಲ್ಲ ನಕ್ಕಿತು. ನನಗೆ ಅವರ ಮುಖ ನೋಡಿ ನಗು ಬರಲಿಲ್ಲ. ಕೂರಿಸಿ, ನಮ್ಮ ಊರಿನ ಮಾತಿನಲ್ಲೇ ಹೇಳಿದೆ. "ಯಾರಿಗೂ ಮಾರಿಲ್ರಿ. ಹೊಲಾ ಲಾವಣಿಗೆ ಹಾಕಿದಂಗ ಇದು. ಈಗ ಒಮ್ಮೇಲೆ ರೊಕ್ಕಾ ಬರತೈತಿ. ಹದಿನೈದ ವರ್ಷ ಪೀಕಿನಾಗಿನ ಒಂದ ಪಾಲು ಸರಕಾರ ಇಟಗೋತೈತಿ. ಆಮ್ಯಾಲ ಹೊಲಾ ಪೂರಾ ತಿರಿಗಿ ನಿಮ್ಮದಽ."

ಆಕೆ, "ಹಂಗಾರ ಹೊಲಾ ಹೋಗಿಲ್ಲ," ಅಂದರು.

"ಹೋಗಿಲ್ರಿ."

ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಹೊಸದಾಗಿ ಬಂದ ಅಧಿಕಾರಿ, ಸಾವಂತ ಬಾಯಿ. ಮೇಡಂ ಅನ್ನುವುದಕ್ಕೆ ನಮ್ಮ ಕಡೆ 'ಬಾಯಿ' ಅನ್ನುತ್ತೇವೆ. ಸಾತಾರಾ ಕಡೆಯವರು. ಎತ್ತರದ ಹೆಂಗಸು, ಮೆಲುದನಿ, ಮಾತು ಕಡಿಮೆ. ಆ ತಾಯಿ ಹೋದ ಮೇಲೆ ನನ್ನನ್ನು ಕರೆದು, ಏನು ಹೇಳಿದೆ ಎಂದು ಕೇಳಿದರು. ಬೈಸಿಕೊಳ್ಳುತ್ತೇನೆ ಅಂದುಕೊಂಡು ಮರಾಠಿಯಲ್ಲಿ ವಿವರಿಸಿದೆ. ಅವರು ನಮ್ಮ ಗುಮಾಸ್ತರ ಕಡೆ ತಿರುಗಿ, "ಮಗ್ ಹೇ ಕಾಲ್‌ಚ್ ಕಾ ನಾಹೀ ಸಾಂಗಿತಲಂ?" ಅಂದರು. ಇದನ್ನು ನಿನ್ನೆಯೇ ಯಾಕೆ ಹೇಳಲಿಲ್ಲ ಎಂದಷ್ಟೇ. ದನಿ ಏರಿಸಲಿಲ್ಲ. ಮರುದಿನದಿಂದ ಕನ್ನಡದವರು ಬಂದರೆ ನನ್ನ ಮೇಜಿಗೆ ಕಳಿಸುವುದು ಎಂದಾಯಿತು. ಅದಕ್ಕೆ ಬಾಯಿಯವರು ಇನ್ನೊಂದು ಮಾತು ಸೇರಿಸಿದರು. ನೀನು ಹೇಳಿದ ಮೇಲೆ ಅವರ ಬಾಯಿಂದ ಅದನ್ನೇ ವಾಪಸ್ ಹೇಳಿಸು, ಅವರು ಹೇಳಿದ್ದು ಸರಿ ಬಂದರೆ ಮಾತ್ರ ಸಹಿ.

ಇದರಿಂದ ಕೆಲಸ ನಿಧಾನವಾಯಿತು. ಮೇಲಿನಿಂದ ವಿವರಣೆ ಕೇಳಿ ಪತ್ರಗಳು ಬಂದವು. ಬಾಯಿಯವರು ಅವಕ್ಕೆಲ್ಲ ಉತ್ತರ ಬರೆದರು, ನಮ್ಮ ತನಕ ಬಿಸಿ ತಾಕಿಸಲಿಲ್ಲ. ಅಂಥ ಮೇಲಧಿಕಾರಿ ಸಿಗುವುದು ದೈವ ಎಂದು ಹೇಳಬಹುದು. ಸಿಗದಿದ್ದರೆ ನೀವೇ ಹಾಗೆ ಆಗಬಹುದು ಎಂದೂ ಹೇಳಬಹುದು.

ಮುಂದೆ ನಾವಿಬ್ಬರೂ ಕೊಲ್ಹಾಪುರದ ಕಚೇರಿಗೆ ಬಂದೆವು. ಅವರು ಮೊದಲು, ಹಿಂದೆಯೇ ವರ್ಗಾವಣೆ ಕೇಳಿ ಪಡೆದು ನಾನು. ಅಷ್ಟರಲ್ಲಿ ಕೆಲಸದ ರೀತಿ ಬದಲಾಗುತ್ತ ಬಂದಿತ್ತು. ನವೆಂಬರ್ ತಿಂಗಳಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ತೋರಿಸಬೇಕು. ಹಿಂದೆ ಬ್ಯಾಂಕಿನಲ್ಲಿ ಸಹಿ ಹಾಕಿದರೆ ಸಾಕಿತ್ತು. ನಂತರ ಬೆರಳಚ್ಚಿನ ಯಂತ್ರ ಬಂತು. ದೂರದವರಿಗೆ ಅನುಕೂಲವಾದದ್ದು ಖರೆ. ಆದರೆ ಜೀವಮಾನವಿಡೀ ಫಿನೈಲು, ಸೋಡಾಪುಡಿಯಲ್ಲಿ ಕೈಯಾಡಿಸಿದ ದವಾಖಾನೆಯ ಆಯಾಗಳ ಬೆರಳನ್ನು ಯಂತ್ರ ಗುರುತಿಸುತ್ತಿರಲಿಲ್ಲ. ನಾವು ಇಚಲಕರಂಜಿಯಲ್ಲಿ ನಡೆಸಿದ ಒಂದು ಶಿಬಿರದಲ್ಲಿ ಗಂಗವ್ವ ಎಂಬ ನಿವೃತ್ತ ಆಯಾ ಹತ್ತೂ ಬೆರಳು ಇಟ್ಟು ನೋಡಿದರು. ಯಂತ್ರದ ಮುಂದೆ ಕುಳಿತ ಹುಡುಗ "ಬೋಟ ಯೇತ ನಾಹೀ", ಬೆರಳು ಮೂಡುತ್ತಿಲ್ಲ ಎಂದು ತಲೆಯಾಡಿಸಿದ.

"ಬಟ್ಟು ಸವದಾವಪ್ಪಾ, ನಾ ಸವದಿಲ್ಲ. ಇಲ್ಲೇ ನಿಂತೇನಿ ನೋಡು," ಅಂದರು ಗಂಗವ್ವ.

ಬಾಯಿಯವರು ಎದ್ದುಬಂದು, ಹಳೆಯ ಕಾಗದದ ಪದ್ಧತಿ ರದ್ದಾಗಿಲ್ಲವೆಂದು ಎಲ್ಲರಿಗೂ ಕೇಳುವಂತೆ ಹೇಳಿ, ಗಂಗವ್ವನವರ ಪ್ರಮಾಣಪತ್ರವನ್ನು ಕೈಯಿಂದ ಬರೆದುಕೊಟ್ಟರು. ಹಿಂದೆ ನಿಂತಿದ್ದ ಎಷ್ಟೋ ಹೆಂಗಸರ ಮುಖದಲ್ಲಿ ಆಗ ಕಂಡ ನಿರಾಳವನ್ನು ನಾನು ಮರೆತಿಲ್ಲ. ಈಗ ಮುಖ ನೋಡಿ ಗುರುತಿಸುವ ಫೋನುಗಳು ಬಂದಿವೆ, ತೊಂದರೆ ಕಡಿಮೆ. ಹೊಸ ಪದ್ಧತಿ ಬಂದಾಗಲೆಲ್ಲ ಅದಕ್ಕೆ ಹೊಂದದ ಜನ ಯಾರು ಎಂದು ಮೊದಲು ನೋಡಿ. ಅವರಿಗಾಗಿ ಇನ್ನೊಂದು ಬಾಗಿಲು ನಿಯಮದಲ್ಲಿ ಬಹಳ ಸಲ ತೆರೆದೇ ಇರುತ್ತದೆ.

ಆರೋಗ್ಯ ವಿಮೆ ಬಂದಾಗಿನ ಕಥೆ ಬೇರೆ. ನೌಕರಿಯಲ್ಲಿದ್ದಾಗ ದವಾಖಾನೆಯ ಖರ್ಚಿಗೆ ಸರ್ಕಾರವಿರುತ್ತದೆ. ನಿವೃತ್ತಿಯ ಮರುದಿನದಿಂದ ಆ ಆಸರೆ ಇಲ್ಲ. ಅದಕ್ಕಾಗಿ ನಿವೃತ್ತರ ಗುಂಪು ವಿಮೆ ಬಂತು. ವರ್ಷಕ್ಕೊಂದು ಕಂತು, ಕಟ್ಟಲೇಬೇಕೆಂಬ ಒತ್ತಾಯವಿಲ್ಲ. ಗಡಹಿಂಗ್ಲಜದಲ್ಲಿ ತಿಳಿವಳಿಕೆ ಸಭೆ ಕರೆದೆವು. ಎಲ್ಲರದೂ ಒಂದೇ ಪ್ರಶ್ನೆ. ಕಾಯಿಲೆ ಬೀಳದಿದ್ದರೆ ಕಟ್ಟಿದ್ದು ವಾಪಸ್ ಬರುತ್ತದೆಯೇ? ಬರುವುದಿಲ್ಲ ಅಂದಾಗ ಕುರ್ಚಿಗಳು ಸರಿದಾಡತೊಡಗಿದವು.

ಮುರಗೂಡದಿಂದ ಬಂದಿದ್ದ ನಿವೃತ್ತ ಪೊಲೀಸ್ ಹವಾಲ್ದಾರರೊಬ್ಬರು ಎದ್ದು ನಿಂತರು. ಹಿಂದೆ ಕುಸ್ತಿ ಆಡಿದವರು, ಕಿವಿ ಇನ್ನೂ ಮುದುಡಿಕೊಂಡೇ ಇತ್ತು. ಎಲ್ಲರೂ ಅವರನ್ನು ಪೈಲವಾನರೆಂದೇ ಕರೆಯುತ್ತಿದ್ದರು.

"ನಾ ಒಂದ ದಿನಾ ದವಾಖಾನಿ ಪಾವಟಗಿ ಏರಿಲ್ರಿ," ಅಂದರು. "ಬ್ಯಾರೇದವ್ರ ಬ್ಯಾನಿಗೆ ನಾ ಯಾಕ ತುಂಬಲಿ?"

ನಾನು ಅದನ್ನು ಬಾಯಿಯವರಿಗೆ ಹೇಳಿದೆ. ಅವರು ನನ್ನ ಮೂಲಕ ಪೈಲವಾನರನ್ನು ಕೇಳಿದರು, ಕುಸ್ತಿಯ ತಾಲೀಮಿನ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕುವವರು ಯಾರು?

"ಎಲ್ಲಾರೂ ಹಾಕತಾರ್ರಿ. ಪೈಲವಾನರು ತಮ್ಮ ತಮ್ಮ ಮನಿಯಿಂದ ತರತಾರ."

"ಆ ಮಣ್ಣು ಮೆತ್ತಗಾಗುವುದು ಯಾರಿಗಾಗಿ? ಗೆದ್ದವನಿಗೋ, ಬಿದ್ದವನಿಗೋ?"

ಪೈಲವಾನರು ನೆಲ ನೋಡುತ್ತ ನಿಂತವರು ಆಮೇಲೆ, "ಬಿದ್ದಾವಗ್ರಿ," ಅಂದರು. ಅವತ್ತು ಮೊದಲ ಸಹಿ ಅವರದೇ.

ಅವರು ಪ್ರತಿವರ್ಷ ತಪ್ಪದೆ ಕಂತು ಕಟ್ಟಿದರು. ಕಟ್ಟಿದ ಮೇಲೆ ನನ್ನ ಮೇಜಿಗೆ ಬಂದು, "ಅಕ್ಕಾರ, ಈ ವರ್ಷನೂ ಎಲ್ಲಾ ವಾಯಾ ಹೋತ್ರಿ," ಎಂದು, ಕಟ್ಟಿದ್ದು ದಂಡವಾಯಿತೆಂದು ನಗುತ್ತಿದ್ದರು. ಕೊನೆಯವರೆಗೂ ಅವರು ಆ ವಿಮೆಯನ್ನು ಮುಟ್ಟಲಿಲ್ಲ, ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಅವರ ಜೊತೆ ಅದೇ ದಿನ ಸಹಿ ಮಾಡಿದ ಇನ್ನೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು, ಅವರು ಇಂದಿಗೂ ಬೆಳಗಿನ ಗಾಳಿಸೇವನೆಗೆ ಹೋಗುತ್ತಾರೆ. ಪೈಲವಾನರು ತೀರಿಕೊಂಡಾಗ ಅವರು ಮುರಗೂಡಕ್ಕೆ ಹೋಗಿ ಹೆಗಲು ಕೊಟ್ಟುಬಂದರು.

ಈಗ ಹೇಳಲೇಬೇಕಾದ ಪ್ರಕರಣಕ್ಕೆ ಬರುತ್ತೇನೆ.

ಎರಡು ಸಾವಿರದ ಐದರ ಕೊನೆಯಿಂದ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ನಮ್ಮ ರಾಜ್ಯದಲ್ಲಿ ಹಳೆಯ ಪಿಂಚಣಿ ಇಲ್ಲವಾಯಿತು. ಅವರ ಪಗಾರದಲ್ಲಿ ಪ್ರತಿತಿಂಗಳು ಒಂದು ಭಾಗ ಕಡಿಯುತ್ತಿದ್ದರು, ಸರ್ಕಾರ ತನ್ನ ಪಾಲು ಹಾಕುತ್ತಿತ್ತು, ಎರಡೂ ಸೇರಿ ಬೆಳೆದದ್ದರಲ್ಲಿ ಮುಂದಿನ ಬದುಕು. ಎಷ್ಟು ಬೆಳೆಯುತ್ತದೆ ಎಂದು ಯಾರೂ ಖಾತ್ರಿ ಕೊಡುವಂತಿರಲಿಲ್ಲ. ನಮ್ಮ ಕಚೇರಿಯ ಒಂದೇ ಮೇಜಿನ ಈ ಬದಿಯ ನಾನು ಹಳಬಳು, ಆ ಬದಿಯ ಹುಡುಗಿ ಹೊಸಬಳು. ಕೆಲಸ ಒಂದೇ, ಮುಪ್ಪು ಮಾತ್ರ ಬೇರೆ ಬೇರೆ. ಹಳೆಯ ಪಿಂಚಣಿಗಾಗಿ ರಾಜ್ಯದಾದ್ಯಂತ ಮುಷ್ಕರವಾದಾಗ ನನ್ನಂಥ ಹಳಬರೂ ಬಿಸಿಲಲ್ಲಿ ಕುಳಿತೆವು. ನಮಗೆ ಅದರಿಂದ ಸಿಗಬೇಕಾದದ್ದು ಏನೂ ಇರಲಿಲ್ಲ. ನನ್ನ ಸರ್ವೀಸಿನಲ್ಲಿ ಜೊತೆಗಾರರ ಬಗ್ಗೆ ಅಷ್ಟು ಹೆಮ್ಮೆಪಟ್ಟ ದಿನಗಳು ಕಡಿಮೆ.

ಅದೇ ಹೊತ್ತಿಗೆ ಬಂದ ಬದಲಾವಣೆಗಳಲ್ಲಿ ಒಂದು ಹೀಗಿತ್ತು. ಹೊಸ ಯೋಜನೆಯಲ್ಲಿದ್ದ ನೌಕರ ಸೇವೆಯಲ್ಲೇ ತೀರಿಕೊಂಡರೆ, ಅವನ ಕುಟುಂಬ ಹಳೆಯ ರೀತಿಯ ಕುಟುಂಬ ಪಿಂಚಣಿಯನ್ನು ಆರಿಸಿಕೊಳ್ಳಬಹುದು. ಹಾಗೆ ಆರಿಸಿದರೆ ಸರ್ಕಾರ ಹಾಕಿದ್ದ ಪಾಲು ಸರ್ಕಾರಕ್ಕೆ ಹೋಗುತ್ತದೆ, ನೌಕರನ ಪಗಾರದಿಂದ ಕಡಿದದ್ದು ಮಾತ್ರ ಕುಟುಂಬಕ್ಕೆ ತಿರುಗಿ ಬರುತ್ತದೆ. ಹೊಸ ಯೋಜನೆಯಲ್ಲೇ ಉಳಿದರೆ ಕೈಗೆ ದೊಡ್ಡ ಗಂಟು ಬರುತ್ತದೆ, ತಿಂಗಳಿಗೆ ಬರುವುದು ಇಲ್ಲವೆನ್ನುವಷ್ಟು ಸಣ್ಣದು.

ಇಚಲಕರಂಜಿಯ ಮಹಾದೇವ ಎಂಬಾತ ಅಲ್ಲಿನ ಸರ್ಕಾರಿ ದವಾಖಾನೆಯಲ್ಲಿ ವಾರ್ಡ್‌ಬಾಯ್ ಆಗಿದ್ದವನು. ಕೆಲಸದಲ್ಲಿದ್ದಾಗಲೇ ಎದೆನೋವು ಬಂದು ಹೋಗಿಬಿಟ್ಟ. ಹೆಂಡತಿ ಕಸ್ತೂರಿ, ಶಾಲೆಗೆ ಹೋಗುವ ಎರಡು ಹೆಣ್ಣುಮಕ್ಕಳು. ಅವರ ಹಿರಿಯರು ವಿಜಯಪುರದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದು ನೆಲೆಸಿದವರು. ಮಹಾದೇವನ ಅಣ್ಣ ಶಿವಪ್ಪ ಪವರ್‌ಲೂಮ್ ಕಾರ್ಖಾನೆಯೊಂದರಲ್ಲಿ ಮಗ್ಗ ನಡೆಸುವವನು. ಈ ಆಯ್ಕೆಗಾಗಿ ನಾವು ಅವರ ಊರಿನಲ್ಲಿ ನಡೆಸಿದ ಶಿಬಿರಕ್ಕೆ ಕಸ್ತೂರಿಯನ್ನು ಕರೆದುಕೊಂಡು ಅವನೇ ಬಂದ. ಆಯ್ಕೆಯ ಅರ್ಜಿ ತುಂಬಿ, ಸಹಿ ಹಾಕಿ ತಂದಿದ್ದರು. ಗಂಟು ಬೇಕೆಂದು ಬರೆದಿತ್ತು.

ಬಾಯಿಯವರು ಅದನ್ನು ಓದಿ ಕಸ್ತೂರಿಯ ಕಡೆ ನೋಡಿದರು. "ತಿಲಾ ಕಾಯ ಕಳಲಂಯ್, ತೇ ತಿಲಾಚ ಸಾಂಗೂ ದೇ," ಎಂದು ನನಗೆ ಹೇಳಿದರು. ಅವಳಿಗೆ ಏನು ತಿಳಿದಿದೆಯೋ ಅವಳೇ ಹೇಳಲಿ.

ನಾನು ಕೇಳಿದೆ, "ಇದರಾಗ ಏನ ಬರದೈತಿ ಗೊತ್ತೈತೇನವಾ?"

"ಸಹಿ ಮಾಡ ಅಂದ್ರು, ಮಾಡೀನ್ರಿ."

"ತಿಂಗಳಾ ಪೆನ್ಶನ್ ಬರೂ ದಾರೀನೂ ಐತಿ, ಗೊತ್ತೈತಿ?"

ಅವಳು ಭಾವನ ಕಡೆ ನೋಡಿ ತಲೆ ತಗ್ಗಿಸಿದಳು. ಶಿವಪ್ಪನೇ ಮಾತಾಡಿದ. ಅವನ ದನಿ ದೊಡ್ಡದು. ಮಗ್ಗದ ಗದ್ದಲದಲ್ಲಿ ಜೀವ ಕಳೆದವರೆಲ್ಲರ ದನಿ ಹಾಗೆ. "ಪೆನ್ಶನ್ ಬರತೈತಿ ಅಂತ ಗೊತ್ತೈತ್ರಿ. ಆದರ ಒಮ್ಮೇಲೆ ಬಂದ್ರ ನಾಕ ಮಗ್ಗ ತಗೋಬಹುದು. ಆ ಮಗ್ಗದಾಗ ಆಕಿದೂ ಹೊಟ್ಟಿ ತುಂಬತೈತಿ, ನಂದೂ ತುಂಬತೈತಿ. ನಾ ಏನ ಹೊರಗಿನಾಂವ ಏನ್ರಿ?"

ಬಾಯಿಯವರು ಅರ್ಜಿಯನ್ನು ಸ್ವೀಕರಿಸಲೂ ಇಲ್ಲ, ತಿರಸ್ಕರಿಸಲೂ ಇಲ್ಲ. ವಾರದ ರಜೆಯ ದಿನ ನಾವೇ ನಿಮ್ಮ ಮನೆಗೆ ಬರುತ್ತೇವೆ, ಅಲ್ಲಿಯವರೆಗೆ ಇದು ನಿಮ್ಮ ಕೈಯಲ್ಲೇ ಇರಲಿ ಅಂದರು. ಅಧಿಕಾರಿಯೊಬ್ಬರು ಮನೆಗೆ ಬರುವುದನ್ನು ನಾನು ಆವರೆಗೆ ಕೇಳಿರಲಿಲ್ಲ. ಅನುಮತಿ ಇದೆಯೇ ಎಂದು ನಾನು ಕೇಳಿದ್ದಕ್ಕೆ, ರಜೆಯ ದಿನ ಯಾರ ಮನೆಯಲ್ಲಾದರೂ ಚಹಾ ಕುಡಿಯಲು ಅನುಮತಿ ಬೇಕಿಲ್ಲ ಅಂದರು.

ಅವರ ಮನೆ ಒಂದು ಕಾರ್ಖಾನೆಯ ಹಿಂಬದಿಗೆ ಅಂಟಿಕೊಂಡಿತ್ತು. ಅವತ್ತು ಮಗ್ಗಗಳು ನಿಂತಿದ್ದವು. ಆ ಓಣಿಯ ಜನ ನಿಶ್ಶಬ್ದದಲ್ಲಿ ಏನು ಮಾಡಬೇಕೆಂದು ತಿಳಿಯದವರಂತೆ ಬಾಗಿಲುಗಳಲ್ಲಿ ಕುಳಿತಿದ್ದರು. ಕಸ್ತೂರಿಯ ಅತ್ತೆ ನೀಲವ್ವ ನಮಗೆ ಚಾಪೆ ಹಾಸಿದರು. ಬೆನ್ನು ಬಾಗಿದ ಹೆಂಗಸು. ಗಂಡ ಹೋದ ಮೇಲೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಮಕ್ಕಳನ್ನು ಬೆಳೆಸಿದವರು ಎಂದು ಆಮೇಲೆ ತಿಳಿಯಿತು.

ನಾನು ಎರಡೂ ದಾರಿಗಳನ್ನು ಹೇಳಿದೆ. ಈ ಸಲ ಹೊಲದ ಹೋಲಿಕೆ ನಡೆಯುವಂತಿರಲಿಲ್ಲ, ಅವರಿಗೆ ಹೊಲವಿರಲಿಲ್ಲ. ಮಗ್ಗದ ಮಾತಿನಲ್ಲೇ ಹೇಳಿದೆ. ಒಂದು ದಾರಿಯಲ್ಲಿ ಬಟ್ಟೆಯ ಇಡೀ ಥಾನು ಒಂದೇ ದಿನ ಕೈಗೆ ಬರುತ್ತದೆ, ಅದನ್ನು ಕಾಯುವುದು ನಿಮ್ಮ ಕೆಲಸ. ಇನ್ನೊಂದರಲ್ಲಿ ಪ್ರತಿತಿಂಗಳು ಉಡುವಷ್ಟು ಬಟ್ಟೆ ಬರುತ್ತದೆ, ಕಸ್ತೂರಿ ಇರುವವರೆಗೆ ಬರುತ್ತದೆ, ತುಟ್ಟಿಯಾದ ಹಾಗೆ ಅದೂ ಹೆಚ್ಚುತ್ತದೆ. ಮಹಾದೇವನ ಪಗಾರದಿಂದ ಕಡಿದ ಭಾಗ ಬೇರೆಯಾಗಿ ತಿರುಗಿ ಬರುತ್ತದೆ.

ನೀಲವ್ವ ಕೇಳಿಸಿಕೊಂಡು, "ನಮ್ಮ ಮನಿಯವ್ರು ಸತ್ತಾಗ ಇಂಥಾದ್ದೊಂದು ಇರಲಿಲ್ಲಲ್ಲಾ," ಎಂದರು. ಯಾರನ್ನೂ ದೂರುವ ದನಿ ಅದಲ್ಲ.

ಶಿವಪ್ಪ ಗೋಡೆಗೆ ಒರಗಿ ನಿಂತಿದ್ದ. ಅವನು ಬಾಯಿಯವರ ಕಡೆ ನೋಡಿಯೇ ಮಾತಾಡಿದ, ಅವರಿಗೆ ಅರ್ಥವಾಗುವುದಿಲ್ಲವೆಂದು ಗೊತ್ತಿದ್ದೂ.

"ಬಾಯಾರ, ಅಪ್ಪ ಸತ್ತಾಗ ನಾ ಶಾಳ್ಯಾಗ ಇದ್ನ್ರಿ. ಇಬ್ಬರಿಗೂ ಕಲಿಸಾಕ ಆಗೂದಿಲ್ಲ ಅಂದ್ಲು ಅವ್ವ. ತಮ್ಮ ಶಾಣ್ಯಾ ಅದಾನ, ಅಂವ ಕಲೀಲಿ ಅಂತ ನಾ ಶಾಳಿ ಬಿಟ್ಟು ಮಗ್ಗಕ್ಕ ನಿಂತೀನಿ. ಅವನ ಪುಸ್ತಕ, ಅವನ ಫೀ, ನೌಕರಿ ಅರ್ಜಿ, ಎಲ್ಲಾ ಈ ಕೈಯಾಗಿಂದ ಹೋಗೈತಿ. ಅಂವಗ ನೌಕರಿ ಸಿಕ್ಕ ದಿನಾ ನನಗಽ ಸಿಕ್ಕಂಗ ಆತು. ಈಗ ನೀವು ಹೆಂಡತಿ, ಮಕ್ಕಳು ಅಂತೀರಿ. ಬರೋಬರಿ ಐತಿ. ನಿಮ್ಮ ಕಾಯ್ದೆದಾಗ ಅಣ್ಣ ಅನ್ನೂ ಶಬ್ದ ಐತೇನ್ರಿ?"

ನಾನು ಅದನ್ನು ಮರಾಠಿಗೆ ತಿರುಗಿಸಿದೆ. ಒಂದು ಶಬ್ದವನ್ನೂ ಬಿಡದೆ ಹೇಳಿದೆ. ಬಾಯಿಯವರು ಆಗ ಕಾಯ್ದೆಯನ್ನು ಸಮರ್ಥಿಸಿಕೊಳ್ಳಬಹುದಿತ್ತು, ಅಥವಾ ಅವನಿಗೆ ಬುದ್ಧಿ ಹೇಳಬಹುದಿತ್ತು. ನಾನು ನೋಡಿದ ಬಹಳ ಮಂದಿ ಅಧಿಕಾರಿಗಳು ಹಾಗೆಯೇ ಮಾಡುತ್ತಿದ್ದರು.

"ನಾಹೀ," ಅಂದರು ಅವರು. "ಕಾಯದ್ಯಾತ ನಾಹೀ. ಅಸಾಯಲಾ ಹವಾ ಹೋತಾ."

ಇಲ್ಲ, ಕಾಯ್ದೆಯಲ್ಲಿ ಇಲ್ಲ, ಇರಬೇಕಾಗಿತ್ತು. ಇಚಲಕರಂಜಿಯವನಿಗೆ ಅಷ್ಟು ಮರಾಠಿ ನಾನು ಹೇಳದೆಯೇ ತಿಳಿಯಿತು. ಶಿವಪ್ಪ ಮೊದಲ ಸಲ ನೆಲದ ಮೇಲೆ ಕುಳಿತ.

ಬಾಯಿಯವರು ಮುಂದುವರಿಸಿದರು. ಕಾಯ್ದೆ ಕೇಳುವುದು ಕಸ್ತೂರಿಯನ್ನು ಮಾತ್ರ. ನಾನೂ ಹೇಳುವಂತಿಲ್ಲ, ನೀವೂ ಹೇಳುವಂತಿಲ್ಲ. ಅವಳು ಏನು ಹೇಳಿದರೂ ನಾನು ಅದನ್ನು ಮಾಡಿಕೊಡುತ್ತೇನೆ. ಗಂಟು ಅಂದರೆ ಗಂಟು.

ಎಲ್ಲರೂ ಕಸ್ತೂರಿಯನ್ನು ನೋಡಿದರು. ಅವಳು ಅತ್ತೆಯನ್ನು ನೋಡಿದಳು.

"ನನ್ನ ಮಾರಿ ನೋಡಬ್ಯಾಡವಾ," ಅಂದರು ನೀಲವ್ವ. "ನನ್ನ ಯಾರೂ ಕೇಳಲಿಲ್ಲ ಆವಾಗ. ನಿನ್ನ ಕೇಳಾಕತ್ತಾರ. ಹೇಳು."

ಕಸ್ತೂರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದಳು. ಅವಳು ಮಾತಾಡತೊಡಗಿದಾಗ ನಾವೆಲ್ಲ ಸ್ವಲ್ಪ ಮುಂದಕ್ಕೆ ಬಾಗಬೇಕಾಯಿತು.

"ತಿಂಗಳಾ ಬರೂದು ನನಗ ಬೇಕ್ರಿ. ಹುಡಿಗ್ಯಾರು ಸಣ್ಣವು ಅದಾವು. ಮಗ್ಗ ಇವತ್ತ ನಡೀತಾವು, ನಾಳೆ ನಿಂದರತಾವು, ಅದು ಭಾವಾರಿಗೂ ಗೊತ್ತೈತಿ." ಸೆರಗಿನ ತುದಿ ಬಿಟ್ಟಳು. "ನಮ್ಮ ಮನಿಯವ್ರ ಪಗಾರದಾಗ ಕಡದಿದ್ದು ತಿರಿಗಿ ಬರತೈತಿ ಅಂದ್ರಲ್ಲಾ, ಅದು ಮಾತ್ರ ನಂದಲ್ರಿ. ಅದು ಭಾವಾರದು. ಅವರು ಶಾಳಿ ಬಿಟ್ಟಿದ್ದಕ್ಕ ಇವರಿಗೆ ಪಗಾರ ಬಂತು."

ಈ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಎರಡು ದಾರಿ ಹೇಳಿದ್ದೆ, ಅವಳು ಅವುಗಳ ನಡುವೆ ತನ್ನದೇ ಮೂರನೆಯ ದಾರಿ ತೆಗೆದಿದ್ದಳು. ಮರಾಠಿಯಲ್ಲಿ ಹೇಳಿ ಮುಗಿಸಿದಾಗ ಬಾಯಿಯವರು ಕನ್ನಡಕ ತೆಗೆದು ಒರೆಸಿಕೊಂಡರು.

ಶಿವಪ್ಪ ಕೈಯಾಡಿಸಿ, "ಬ್ಯಾಡವಾ, ಅದನ್ನ ಹುಡಿಗ್ಯಾರ ಹೆಸರಲೇ ಇಡು," ಅಂದ. ಅವನ ದನಿ ಸಣ್ಣದಾಗಿತ್ತು.

"ಹುಡಿಗ್ಯಾರಿಗೆ ತಿಂಗಳಾ ಬರತೈತಲ್ರಿ," ಅಂದಳು ಅವಳು. "ನೀವು ತಗೊಳ್ಳಲಿಲ್ಲಂದ್ರ ಅವರ ಜೀವಕ್ಕ ಸಮಾಧಾನ ಆಗೂದಿಲ್ಲ."

ನೀಲವ್ವ ಎದ್ದುಹೋಗಿ ಚಹಾಕ್ಕೆ ಇಟ್ಟರು.

ಹಳೆಯ ಅರ್ಜಿಯನ್ನು ಕಸ್ತೂರಿಯೇ ಹರಿದಳು, ಹೊಸದಕ್ಕೆ ಸಹಿ ಹಾಕಿದಳು. ಹಾಕುವ ಮೊದಲು ಅದರಲ್ಲಿ ಏನಿದೆ ಎಂದು ತಾನೇ ನಮಗೆ ಹೇಳಿದಳು, ಒಂದು ತಪ್ಪೂ ಇಲ್ಲದೆ. ಬರುವಾಗ ಬಸ್ಸು ಹಾತಕಣಂಗಲೆ ದಾಟಿದಾಗ ಬಾಯಿಯವರು, ಅವಳ ಫೈಲು ಯಾರ ಮೇಜಿನ ಮೇಲೂ ಒಂದು ದಿನ ಹೆಚ್ಚು ನಿಲ್ಲಬಾರದು ಅಂದರು. ನಿಲ್ಲಲಿಲ್ಲ. ಅದರ ಬೆನ್ನು ಹತ್ತಿ ಅವರೇ ಎಷ್ಟು ಕಡೆ ಫೋನು ಮಾಡಿದರೋ ನನಗೆ ಗೊತ್ತು. ಕಸ್ತೂರಿಗೆ ಪಿಂಚಣಿ ಶುರುವಾದ ಕೆಲವೇ ದಿನಗಳಲ್ಲಿ ಬಾಯಿಯವರು ನಿವೃತ್ತರಾಗಿ ಸಾತಾರಾಕ್ಕೆ ಹೋದರು. ಬೀಳ್ಕೊಡುಗೆಯಲ್ಲಿ ಭಾಷಣ ಬೇಡವೆಂದು ಎಲ್ಲರೊಡನೆ ಕುಳಿತು ಮಿಸಳ ತಿಂದು ಹೊರಟರು.

ಮಹಾದೇವನ ಪಗಾರದಿಂದ ಕಡಿದು ತಿರುಗಿ ಬಂದ ರೊಕ್ಕವನ್ನು ಕೊನೆಗೆ ತೆಗೆದುಕೊಂಡ ಶಿವಪ್ಪ ಅದರಲ್ಲಿ ಎರಡು ಹಳೆಯ ಮಗ್ಗ ಕೊಂಡ. ಬಯಸಿದ್ದರ ಅರ್ಧ. ಬೇರೆಯವರ ಕಾರ್ಖಾನೆಯಲ್ಲಿ ಜಾಗ ಹಿಡಿದು ಹಾಕಿಕೊಂಡ. ನಡೆಯುತ್ತಿವೆ ಎಂದು ಕಸ್ತೂರಿ ಫೋನಿನಲ್ಲಿ ಹೇಳಿದಳು. ಪ್ರಕರಣ ಮುಗಿಯಿತು ಎಂದುಕೊಂಡೆ.

ನನ್ನ ನಿವೃತ್ತಿಯೂ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಶಿವಪ್ಪ ಕೊಲ್ಹಾಪುರದ ಕಚೇರಿಗೆ ಒಬ್ಬನೇ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಕಸ್ತೂರಿಯ ಪಿಂಚಣಿಗೆ ಏನೋ ತೊಡಕಾಗಿದೆ ಎಂದು ನನಗೆ ಗಾಬರಿಯಾಯಿತು.

"ಎಲ್ಲಾ ಆರಾಮ ಐತ್ರಿ ಅಕ್ಕಾರ. ನಾ ಬ್ಯಾರೇ ಕೇಳಾಕ ಬಂದೇನಿ," ಅಂದ. ಕುರ್ಚಿಯ ತುದಿಯಲ್ಲಿ ಕುಳಿತ. "ನಾ ಸರಕಾರಿ ನೌಕರ ಅಲ್ಲ. ನನ್ನಂಥಾವ್ರಿಗೆ ತಿಂಗಳಾ ಬರೂವಂಥಾದ್ದು ಏನರ ಐತೇನ್ರಿ? ನಾ ತುಂಬತೇನಿ. ಪುಕಟ ಬ್ಯಾಡ."

ನಮ್ಮ ಕಚೇರಿಯ ವಿಷಯವಲ್ಲ ಎಂದು ಹೇಳಿ ಕಳಿಸಬಹುದಿತ್ತು. ಬಾಯಿಯವರ ಕೈಕೆಳಗೆ ಕೆಲಸ ಮಾಡಿದ ಮೇಲೆ ಅದು ಸಾಧ್ಯವಿರಲಿಲ್ಲ. ಅಸಂಘಟಿತ ಕೆಲಸಗಾರರಿಗೆ ಬ್ಯಾಂಕಿನಲ್ಲಿ ಸಿಗುವ ಸಣ್ಣ ಪಿಂಚಣಿ ಯೋಜನೆಯ ಬಗ್ಗೆ ಹೇಳಿದೆ. ತಿಂಗಳಿಗಿಷ್ಟು ಕಟ್ಟುತ್ತ ಹೋದರೆ ಅರವತ್ತರ ನಂತರ ಬರುತ್ತದೆ. ಅವನು ಗಮನವಿಟ್ಟು ಕೇಳಿದ. ಆಮೇಲೆ ಅವನ ವಯಸ್ಸು ಕೇಳಿದೆ. ಹೇಳಿದ. ನನಗೆ ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಅದಕ್ಕೆ ಸೇರಲು ನಲವತ್ತು ದಾಟಿರಬಾರದು.

"ಮೀರೈತೇನ್ರಿ?"

"ಮೀರೈತಪಾ."

ಅವನು ಕಿಟಕಿಯ ಹೊರಗೆ ನೋಡಿದ. ಬರುತ್ತೇನೆ ಎಂದು ಎದ್ದು ಹೋಗುತ್ತಾನೆ ಅಂದುಕೊಂಡೆ. ಅವನು ಕುರ್ಚಿಯಲ್ಲಿ ಸ್ವಲ್ಪ ಒಳಗೆ ಸರಿದು ಕುಳಿತ.

"ನಮ್ಮ ಮನ್ಯಾಕಿದು ಮೀರಿಲ್ರಿ," ಅಂದ. "ಆಕಿ ನನಕಿಂತ ಭಾಳ ಸಣ್ಣಾಕಿ. ಆಕಿ ಹೆಸರಲೇ ಸುರು ಮಾಡೂಣು. ಬ್ಯಾಂಕಿಗೆ ಏನೇನ ಒಯ್ಯಬೇಕು ಹೇಳ್ರಿ."

ಹೇಳಿದೆ. ಅವನು ಎದ್ದು ನಿಂತ. ನಾನು ಕೇಳದೆಯೇ, ನಾನು ಹೇಳಿದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಒಮ್ಮೆ ನನಗೇ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡ. ಆಮೇಲೆ, "ಈಗ ಹೋದ್ರ ಸಂಜಿಮುಂದ ಬ್ಯಾಂಕ್ ಮುಚ್ಚೂದರಾಗ ಮುಟ್ಟತೇನಿ," ಎಂದು ಮೆಟ್ಟಿಲಿಳಿದು ಹೋದ.